ಒಂದೇ ಹಿತ್ತಲು, ಎರಡು ಹವ್ಯಾಸ: ತರಕಾರಿ ಮಡಿಯೋ, ಏರ್ ರೈಫಲ್ ಗುರಿಯೋ?

ಚಿತ್ರದುರ್ಗದ ಹಳೆಯ ಬಡಾವಣೆಗಳಲ್ಲಿ ಮನೆಯ ಹಿಂದೆ ಉಳಿಯುವ ಜಾಗಕ್ಕೆ ಉದ್ದ ಇರುತ್ತದೆ, ಅಗಲ ಇರುವುದಿಲ್ಲ. ನಮ್ಮ ಹಿತ್ತಲು ನಲವತ್ತು ಅಡಿಗೆ ತುಸು ಕಡಿಮೆ ಉದ್ದ, ಎಂಟು ಅಡಿ ಅಗಲ. ಮೂರು ಕಡೆ ಆಳೆತ್ತರಕ್ಕೂ ಮೀರಿದ ಗೋಡೆ. ಸಾಲಾಗಿ ತರಕಾರಿ ಮಡಿ ಮಾಡಲು ಇದು ಹೇಳಿ ಮಾಡಿಸಿದ ಜಾಗ. ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಬೇಕಾಗುವುದೂ ಸುಮಾರು ಮೂವತ್ತಮೂರು ಅಡಿ ನೇರ ದಾರಿ ಮತ್ತು ಕೊನೆಯಲ್ಲೊಂದು ಗಟ್ಟಿ ಗೋಡೆ ಮಾತ್ರವಾದ್ದರಿಂದ, ಈ ಎರಡು ಹವ್ಯಾಸಗಳೂ ಇದೇ ಪಟ್ಟಿಗಾಗಿ ಪೈಪೋಟಿಗೆ ಬಿದ್ದವು. ಮೊದಲು ತರಕಾರಿಯನ್ನಷ್ಟೇ, ಆಮೇಲೆ ರೈಫಲ್ಲನ್ನಷ್ಟೇ, ಕೆಲವು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿ ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಆರಂಭದ ಖರ್ಚಿನಿಂದ ತೊಡಗುವುದಾದರೆ, ತರಕಾರಿ ಅಗ್ಗವೆಂಬ ನಂಬಿಕೆ ಅರ್ಧ ಮಾತ್ರ ನಿಜ. ದುರ್ಗದ ಕೆಂಪು ಗರಸು ಮಣ್ಣಿನಲ್ಲಿ ನೀರು ಬಸಿದು ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿ ಒಂದಡಿ ಎತ್ತರದ ಮಡಿ ಕಟ್ಟಿದ ಮೇಲೆಯೇ ಗಿಡಗಳು ಹಿಡಿದುಕೊಂಡವು. ಹಿರಿಯೂರು, ಹೊಸದುರ್ಗಗಳ ತೆಂಗಿನ ಸೀಮೆ ಹತ್ತಿರವಿರುವುದರಿಂದ ನಾರಿನ ಪುಡಿಗೆ ಕೊರತೆಯಿಲ್ಲ. ಒಳ್ಳೆಯ ಕೊಟ್ಟಿಗೆ ಗೊಬ್ಬರಕ್ಕೆ ಮಾತ್ರ ಹಳ್ಳಿಯ ಪರಿಚಯ ಬೇಕು. ದಾವಣಗೆರೆಯ ಭದ್ರಾ ನಾಲೆಯ ಕಡೆಯ ಕಪ್ಪು ಮಣ್ಣಿನಲ್ಲಿ ತೊಂದರೆ ತಿರುಗುಮುರುಗು: ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಡುತ್ತದೆ. ಅಲ್ಲಿನ ನಂಟರ ಮನೆಯಲ್ಲಿ ಚೀಲಗಳಲ್ಲಿ ಬೆಳೆದದ್ದೇ ನೆಲದಲ್ಲಿ ಬೆಳೆದದ್ದಕ್ಕಿಂತ ಚೆನ್ನಾಗಿ ಬಂದಿದೆ.

ಏರ್ ರೈಫಲ್ಲಿನಲ್ಲಿ ಎರಡು ದಾರಿಗಳಿವೆ. ನಳಿಗೆಯನ್ನು ಅದರ ಕೀಲಿನಲ್ಲಿ ಬಗ್ಗಿಸಿ ಸ್ಪ್ರಿಂಗ್ ಬಿಗಿಮಾಡುವ ರೈಫಲ್ ಸಾವಿರಗಳಲ್ಲಿ ಸಿಗುತ್ತದೆ; ಒತ್ತಿಟ್ಟ ಗಾಳಿಯ ಸಿಲಿಂಡರ್ ಇರುವ ಪಂದ್ಯದ ರೈಫಲ್ಲಿಗೆ ಲಕ್ಷದ ಲೆಕ್ಕ ಹಾಕಬೇಕು, ಜೊತೆಗೆ 200 ಬಾರ್ ಒತ್ತಡದವರೆಗೆ ಪಂಪ್ ಹೊಡೆಯುವ ತೋಳಬಲವೂ ಬೇಕು. ಸ್ಪ್ರಿಂಗ್ ರೈಫಲ್, ಪೆಲೆಟ್ ಎಂಬ ಪುಟ್ಟ ಗುಂಡು ನಳಿಗೆಯನ್ನು ಬಿಡುವ ಮೊದಲೇ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಜಗ್ಗುತ್ತದೆ. ಅದನ್ನು ಬಿಗಿಯಾಗಿ ಹಿಡಿದಷ್ಟೂ ಗುರಿ ಚದುರುತ್ತದೆ. ಅಂಗೈಯ ಮೇಲೆ ಸಡಿಲವಾಗಿ ಕೂರಿಸಿ ಅದರ ಪಾಡಿಗೆ ಬಿಡುವವರಿಗೆ ಮಾತ್ರ ಒಲಿಯುತ್ತದೆ. ಹವ್ಯಾಸಕ್ಕೆ ಇದು ಸಾಕು ಎಂಬುದು ನನ್ನ ಅಭಿಪ್ರಾಯ. ನಡೆಸುವ ಖರ್ಚು ತೀರ ಕಡಿಮೆ: 500 ಪೆಲೆಟ್‌ಗಳ ಒಂದು ಡಬ್ಬಿ, ಪಂದ್ಯದ ಲೆಕ್ಕದ 60 ಹೊಡೆತಗಳಂತೆ ಎಂಟು ಬೈಠಕ್ಕಿಗೆ ಬರುತ್ತದೆ. ತರಕಾರಿಯಲ್ಲಿ ಹಾಗಲ್ಲ, ಬೀಜ, ಗೊಬ್ಬರ, ಬೇವಿನ ಎಣ್ಣೆ, ನೆರಳು ಪರದೆ ಎಂದು ಸಣ್ಣ ಸಣ್ಣ ಖರ್ಚು ಬಾಯಿ ಮುಚ್ಚುವುದೇ ಇಲ್ಲ. ಸೊಪ್ಪು ಮತ್ತು ಹಸಿಮೆಣಸಿನಕಾಯಿಯನ್ನು ಬಿಟ್ಟರೆ ಸಂತೆಯ ದರಕ್ಕಿಂತ ಅಗ್ಗವಾಗಿ ನಾನು ಏನನ್ನೂ ಬೆಳೆದಿಲ್ಲ.

ಕಾನೂನಿನ ಮಾತು ಚಿಕ್ಕದು. 4.5 ಮಿಲಿಮೀಟರಿಗಿಂತ ದೊಡ್ಡದಲ್ಲದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಬೇಕು. ಗುರುತಿನ ಚೀಟಿ ಕೊಟ್ಟು, ಬಿಲ್ಲು ಪಡೆದು, ಆ ಬಿಲ್ಲನ್ನು ಜೋಪಾನವಾಗಿಟ್ಟುಕೊಂಡರೆ ಸಾಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಾಗುವುದಿಲ್ಲ: ಪಂದ್ಯದ ಮಟ್ಟದ ಸೌಮ್ಯ ರೈಫಲ್ಲಿನ ಪೆಲೆಟ್ಟೂ ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ, ತಾಗಿದರೆ ಕಣ್ಣೇ ಹೋಗುತ್ತದೆ. ಆದ್ದರಿಂದ ಹಿತ್ತಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ರೈಫಲ್ಲನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ. ತರಕಾರಿಗೆ ಇಂಥ ಯಾವ ಕಟ್ಟಳೆಯೂ ಇಲ್ಲ, ಯಾರು ಬೇಕಾದರೂ ಬಂದು ನಾಲ್ಕು ಬೆಂಡೆ ಕೊಯ್ದುಕೊಂಡು ಹೋಗಬಹುದು, ಹೋಗುತ್ತಾರೆ ಕೂಡ.

ಇವೆರಡರ ನಿಜವಾದ ಜಗಳ ಇರುವುದು ಹೊತ್ತಿನ ವಿಷಯದಲ್ಲಿ, ಅದಕ್ಕೆ ಕಾರಣ ನಮ್ಮೂರಿನ ಗಾಳಿ. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕಟ್ಟುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಹನಿಯುತ್ತದೆ. ಇಲ್ಲಿನ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಮೂರು ತಿಂಗಳ ಗಾಳಿಗೆ ಟೊಮೆಟೊ ಗಿಡ ಗೂಟದ ಸಮೇತ ವಾಲುತ್ತದೆ, ಹೀರೆಯ ಚಪ್ಪರ ಕಿತ್ತು ಬರುತ್ತದೆ, ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆಲ್ಲ ಆರಿರುತ್ತದೆ. ಗಾಳಿ ರೈಫಲ್ಲನ್ನೂ ಬಿಡುವುದಿಲ್ಲ. ಪೆಲೆಟ್ಟಿನ ತೂಕ ಅರ್ಧ ಗ್ರಾಮಿನಷ್ಟು; ಗಂಟೆಗೆ ಹದಿನೆಂಟು ಕಿಲೋಮೀಟರ್ ವೇಗದ ಅಡ್ಡಗಾಳಿಯಲ್ಲಿ ಅದು ಹತ್ತು ಮೀಟರ್ ಹೋಗುವಷ್ಟರಲ್ಲಿ ಒಂದು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ. ಒಂದು ಸೆಂಟಿಮೀಟರ್ ಏನು ಮಹಾ ಎನಿಸಬಹುದು. ಆದರೆ ಗುರಿಗೆ ಇಡುವ ರೈಫಲ್ ಕಾರ್ಡಿನ ಇಡೀ ವೃತ್ತವೇ 45.5 ಮಿಲಿಮೀಟರ್ ಅಗಲ, ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್; ಅಷ್ಟು ಸರಿದರೆ ಹತ್ತು ಅಂಕದ ಹೊಡೆತ ಏಳಕ್ಕೋ ಆರಕ್ಕೋ ಇಳಿಯುತ್ತದೆ. ಏರ್ ಪಿಸ್ತೂಲಿನ ಕಾರ್ಡಿನಲ್ಲಿ ಹತ್ತರ ವೃತ್ತವೇ 11.5 ಮಿಲಿಮೀಟರ್ ಇರುವುದರಿಂದ ಅದೇ ಗಾಳಿಗೆ ಒಂಬತ್ತು ಉಳಿಯುತ್ತದೆ. ಆದರೆ ಪಿಸ್ತೂಲನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಚಾಚಿ ಹಿಡಿಯಬೇಕಾಗಿರುವುದರಿಂದ ಗಾಳಿ ಕೊಟ್ಟ ರಿಯಾಯಿತಿಯನ್ನು ತೋಳಿನ ನಡುಕ ವಾಪಸು ಪಡೆಯುತ್ತದೆ.

ಹೀಗಾಗಿ ಗಾಳಿ ಏಳುವ ಮುಂಚಿನ, ಬೆಳಕು ಹರಿದ ಮೇಲಿನ ಒಂದೂವರೆ ಗಂಟೆಯೇ ಎರಡಕ್ಕೂ ಬೇಕು. ನೀರುಣಿಸಲು, ಎಲೆಯಡಿಯ ಹುಳು ನೋಡಲು ಅದೇ ಹೊತ್ತು. ಸಿಹಿಗುಂಬಳದ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುವುದರಿಂದ, ಜೇನುನೊಣ ಬಾರದ ದಿನ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ನಾವೇ ಮುಟ್ಟಿಸಲೂ ಅದೇ ಹೊತ್ತು. ಹೀರೆ ಸಂಜೆ ಅರಳುವ ಜಾತಿಯಾದ್ದರಿಂದ ಸ್ವಲ್ಪ ಉಪಕಾರ ಮಾಡುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿದ ತಿಂಗಳುಗಳಲ್ಲಿ ಬೆಳಗಿನ ಹೊತ್ತು ದಿನವೂ ಒಂದಕ್ಕೆ ಸಿಕ್ಕಿ ಇನ್ನೊಂದಕ್ಕೆ ತಪ್ಪುತ್ತಿತ್ತು, ತಪ್ಪಿದ್ದನ್ನು ಗಿಡ ಮರೆಯುತ್ತಿರಲಿಲ್ಲ.

ಕಲಿಕೆಯ ದೃಷ್ಟಿಯಿಂದ ರೈಫಲ್ ಎಷ್ಟೋ ಮುಂದಿದೆ. ನಳಿಗೆಯ ತುದಿಯ ಗುರಿ ಉಂಗುರದೊಳಗೆ ಕಾರ್ಡಿನ ಕಪ್ಪು ವೃತ್ತ ಸುತ್ತಲೂ ಸಮನಾಗಿ ಬಿಳಿ ಉಳಿಸಿ ಕೂರಬೇಕು. ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು. ಟ್ರಿಗರ್ ಮೊದಲ ಹಂತ ದಾಟಿ ಗಟ್ಟಿಯಾಗುವ ಜಾಗಕ್ಕೆ ಬಂದು ನಿಂತಾಗ, ಇನ್ನು ಎಳೆಯುತ್ತಿದ್ದೇನೆಂಬ ಅರಿವಿಲ್ಲದಷ್ಟು ಮೆಲ್ಲಗೆ ಒತ್ತಬೇಕು. ‘ಟಕ್’ ಎಂದದ್ದೇ ತಡ, ಚಪ್ಪಟೆ ತಲೆಯ ಪೆಲೆಟ್ ಕಾಗದದಲ್ಲಿ ಪಂಚಿಂಗ್ ಯಂತ್ರದಿಂದ ಕೊರೆದಂಥ ದುಂಡು ತೂತನ್ನು ಬಿಟ್ಟಿರುತ್ತದೆ. ಚೂಪು ತಲೆಯ ಪೆಲೆಟ್ ಕಾಗದವನ್ನು ಹರಿಯುವುದರಿಂದ ಅಂಕ ಓದಲು ಬರುವುದಿಲ್ಲ, ಕೊಳ್ಳಬೇಡಿ. ತೂತು ಎಡಕ್ಕಿದ್ದರೆ ಎಡಕ್ಕೇಕೆ ಹೋಯಿತೆಂದು ಅರ್ಧ ನಿಮಿಷದಲ್ಲಿ ಇನ್ನೊಂದು ಹೊಡೆದು ಪರೀಕ್ಷಿಸಬಹುದು.

ಬೆಂಡೆಗೆ ಈ ಸೌಲಭ್ಯವಿಲ್ಲ. ಬಿತ್ತಿದ ಮೇಲೆ ಮೊದಲ ಕಾಯಿಗೆ 45ರಿಂದ 50 ದಿನ. ಆ ನಡುವೆ ಎಲೆಯ ನರಗಳು ಹಳದಿ ಬಲೆಯಂತೆ ಎದ್ದು ಕಂಡವೆಂದರೆ ಬಿಳಿ ನೊಣ ನಂಜನ್ನು ತಂದಿಟ್ಟಾಗಿದೆ ಎಂದೇ ಅರ್ಥ, ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ದೂರ ಹಾಕುವುದೊಂದೇ ದಾರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆ ಈ ನಂಜನ್ನು ತಾಳಿಕೊಳ್ಳಲೆಂದೇ ಬಂದ ತಳಿ. ಅಂಗಡಿಯ ಹೆಸರಿಲ್ಲದ ಬೀಜದ ಪಕ್ಕದಲ್ಲೇ ಬೆಳೆದಾಗ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಆದರೂ ಈ ವ್ಯತ್ಯಾಸ ತಿಳಿಯಲು ಒಂದು ಇಡೀ ಹಂಗಾಮು ಬೇಕಾಯಿತು. ಬೇಗ ಫಲ ಕಾಣಬೇಕೆನ್ನುವವರು ಮೆಂತ್ಯ, ಹರಿವೆಗಳಿಂದ ತೊಡಗುವುದು ಒಳ್ಳೆಯದು, ಮೂರು ನಾಲ್ಕು ವಾರದಲ್ಲಿ ಸಾರಿಗೆ ಸೊಪ್ಪಾದರೂ ಆಗುತ್ತದೆ.

ನೀರಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ರೈಫಲ್ಲಿಗೆ ನೀರು ಬೇಡ, ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. ಶಾಂತಿಸಾಗರ ಕೆರೆಯಿಂದ ಬರುವ ನಲ್ಲಿ ನೀರು ದಿನವೂ ಬರುವುದಿಲ್ಲ. ಬೋರ್‌ವೆಲ್ ನೀರು ಗಡಸು, ಹಾಕುತ್ತ ಹೋದರೆ ಚೀಲದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ದೊಡ್ಡ ಚೀಲವೊಂದು ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯುವುದರಿಂದ, ಅಕ್ಕಿ, ಬೇಳೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವ ಶಿಸ್ತು ಇಡೀ ಮನೆಗೆ ಬರಬೇಕು. ಮದುವೆ, ಜಾತ್ರೆ ಎಂದು ನಾಲ್ಕು ದಿನ ಊರು ಬಿಟ್ಟರೆ ರೈಫಲ್ ಕಪಾಟಿನಲ್ಲಿ ಇದ್ದ ಹಾಗೇ ಇರುತ್ತದೆ, ಸೊಪ್ಪಿನ ಮಡಿ ಇರುವುದಿಲ್ಲ.

ಇನ್ನು ಇವೆರಡನ್ನೂ ಒಂದೇ ಹಿತ್ತಲಿನಲ್ಲಿ ಇಡಬಹುದೇ ಎಂಬ ಪ್ರಶ್ನೆ. ಗುರಿಹಲಗೆಯ ಮುಂದೆ ಸುಮ್ಮನೆ ಬಿದ್ದಿರುವ ನೆಲದಲ್ಲಿ ಕೊತ್ತಂಬರಿ ಚೆಲ್ಲಿದರೆ ಜಾಗ ಉಳಿಯುತ್ತದಲ್ಲ ಎಂದು ಯಾರಿಗಾದರೂ ತೋಚುತ್ತದೆ. ಅದು ಖಂಡಿತ ಕೂಡದು. ಸಾಮಾನ್ಯ ಪೆಲೆಟ್ ಸೀಸದ್ದು. ಉಕ್ಕಿನ ತಗಡಿಗೆ ಬಡಿದಾಗ ಅದು ಚಪ್ಪಟೆಯಾಗಿ ಬೀಳುವುದಷ್ಟೇ ಅಲ್ಲ, ಕಣ್ಣಿಗೆ ಕಾಣದ ಪುಡಿಯಾಗಿಯೂ ಉದುರುತ್ತದೆ, ಮಣ್ಣಿಗೆ ಸೇರಿದ ಸೀಸ ಅಲ್ಲಿಂದ ಹೋಗುವುದೇ ಇಲ್ಲ. ಬೆಂಡೆ, ಟೊಮೆಟೊಗಳ ಕಾಯಿಗೆ ಅದು ಏರುವುದು ಕಡಿಮೆ. ನೆಲಕ್ಕೆ ಅಂಟಿಕೊಂಡೇ ಬೆಳೆಯುವ ಸೊಪ್ಪಿಗೆ, ಮೂಲಂಗಿ, ಗಜ್ಜರಿಯಂಥ ಗಡ್ಡೆಗಳಿಗೆ ಮಣ್ಣಿನ ದೂಳಿನ ಜೊತೆಗೆ ಹತ್ತುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಕಡೆಗಣಿಸುವಂತಿಲ್ಲ. ತವರದ ಪೆಲೆಟ್‌ಗಳೂ ಇವೆ, ಬೆಲೆ ಹೆಚ್ಚು, ಹಗುರವಾದ್ದರಿಂದ ಗಾಳಿಗೆ ಇನ್ನಷ್ಟು ಸರಿಯುತ್ತವೆ. ನನಗೆ ಸರಿಹೊಂದಿದ್ದು ದಪ್ಪ ಹಲಗೆಯ ಪೆಟ್ಟಿಗೆ: ಹಿಂಬದಿಗೆ ಓರೆಯಾಗಿ ಕೂರಿಸಿದ ಉಕ್ಕಿನ ತಗಡು, ಅದರ ಮುಂದೆ ಒತ್ತಿ ತುಂಬಿದ ಹಳೆ ಬಟ್ಟೆ. ಪೆಲೆಟ್ ಬಟ್ಟೆಯಲ್ಲೇ ನಿಲ್ಲುತ್ತದೆ, ಪುಡಿ ಹಾರುವುದಿಲ್ಲ, ಸದ್ದೂ ಕಡಿಮೆ.

ರೈಫಲ್ ತಂದ ಸುದ್ದಿ ಹಬ್ಬಿದ ಕೂಡಲೇ ಪಕ್ಕದ ಮನೆಯ ಹಿರಿಯರು, “ಕೋತಿ ಓಡ್ಸಾಕೆ ಚಲೋ ಆತು ಬಿಡ್ರಿ ಸರ” ಎಂದಿದ್ದರು. ಕೋಟೆಯ ಕಡೆಯ ಮನೆಗಳಲ್ಲಿ ಕೋತಿಯ ಕಾಟ ಗೊತ್ತಿದ್ದವರು ಆಡುವ ಸಹಜ ಮಾತದು. ಆದರೆ ಕೋತಿಗೋ ನವಿಲಿಗೋ ಏರ್ ಗನ್ ಗುರಿಯಿಡುವುದು ಹವ್ಯಾಸವೂ ಅಲ್ಲ, ಕಾನೂನಿಗೆ ಒಪ್ಪುವಂಥದ್ದೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷೆಯಾಗಬಹುದು. ಕೋತಿಗೆ ಮದ್ದು ಬಲೆ. ಮಡಿಯ ಮೇಲೆ ಕಬ್ಬಿಣದ ಕಮಾನು ನಿಲ್ಲಿಸಿ ನೈಲಾನ್ ಬಲೆ ಬಿಗಿದ ಮೇಲೆ ಟೊಮೆಟೊ ನಮಗೆ ಉಳಿಯತೊಡಗಿತು. ಮೆಣಸಿನ ಗಿಡದ ತಂಟೆಗೆ ಅವು ಹೇಗೂ ಬರುವುದಿಲ್ಲ.

ಮನೆಯವರ ತೀರ್ಪು ಕೇಳಿದರೆ ತರಕಾರಿಗೇ ಬಹುಮತ, ಅದರಲ್ಲಿ ಆಶ್ಚರ್ಯವಿಲ್ಲ. ಮಗನ ಓಟು ಮಾತ್ರ ಪಿಸ್ತೂಲಿಗೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದಂದಿನಿಂದ ಅವನ ವಯಸ್ಸಿನವರಿಗೆಲ್ಲ ಅದರ ಹುಚ್ಚು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ರೈಫಲ್ಲಿನಲ್ಲಿ, ನನ್ನ ಪಕ್ಷಪಾತಕ್ಕೆ ಅದೂ ಒಂದು ಕಾರಣವಿರಬಹುದು.

ಹಿತ್ತಲನ್ನು ನಾನು ತರಕಾರಿಗೇ ಬಿಟ್ಟುಕೊಟ್ಟಿದ್ದೇನೆ. ಬಿಸಿಲು ಬೀಳುವ ನೆಲವನ್ನು ಪೆಟ್ಟಿಗೆಯೊಂದಕ್ಕಾಗಿ ಕಾದಿರಿಸುವುದು ದುಂದು. ರೈಫಲ್ಲಿಗೆ ಬೇಕಾದದ್ದು ನೇರ ದಾರಿ ಮತ್ತು ಗಾಳಿಯಿಲ್ಲದ ಜಾಗ, ಅವೆರಡೂ ಪಡಸಾಲೆಯಿಂದ ಹಿಂದಿನ ಕೋಣೆಯವರೆಗಿನ ಸಾಲುಬಾಗಿಲಿನಲ್ಲಿ ಸಿಗುತ್ತವೆ. ಹತ್ತು ಮೀಟರ್ ಪೂರ್ತಿ ಸಿಗದಿದ್ದರೆ ಕಾರ್ಡನ್ನು ಅಳತೆಗೆ ತಕ್ಕಂತೆ ಚಿಕ್ಕದಾಗಿ ಮುದ್ರಿಸಿಕೊಂಡರಾಯಿತು. ತಿಂಗಳಲ್ಲಿ ಅರ್ಧದಷ್ಟು ದಿನಗಳು ಊರೂರು ತಿರುಗುವ ನೌಕರಿಯವರಿಗೆ, ನೀರಿಗೆ ಟ್ಯಾಂಕರನ್ನೇ ನಂಬಿದವರಿಗೆ ರೈಫಲ್ ಒಂದೇ ಸಾಕೆಂದು ಧೈರ್ಯವಾಗಿ ಹೇಳುತ್ತೇನೆ. ಮನೆಯಲ್ಲೇ ಇರುವವರು ತರಕಾರಿಯಿಂದ ತೊಡಗಲಿ. ಮಣ್ಣಿನ ಬಗ್ಗೆ ಅನುಮಾನವಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಬಹುದು. ಎರಡೂ ಬೇಕೆನ್ನುವವರು ಹೊಡೆದಾದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮಡಿಗೆ ಇಳಿಯಬಾರದು, ಕೋಣೆಯ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಪೆಟ್ಟಿಗೆಯಲ್ಲಿ ಕೂಡಿದ ಸೀಸವನ್ನು ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟು ಗುಜರಿಯವರಿಗೆ ಹೇಳಿಯೇ ಕೊಡಬೇಕು. ಅಡುಗೆಮನೆಯ ಕಸದ ಗುಂಡಿಗೆ ಅದು ಹೋದರೆ ಮುಂದಿನ ವರ್ಷ ಗೊಬ್ಬರವಾಗಿ ಮಡಿಗೇ ಬರುತ್ತದೆ.