ಡಿಆರ್‌ಸಿ ಸೊನ್ನೆ ಬಂತು ಅಂತ ರಿಲೇ ಬೋರ್ಡ್ ನಂಬಬೇಡಿ

ರಾಯಚೂರು ಕಡೆ ರೈಸ್ ಮಿಲ್‌ಗಳಿಗೆ ಮೋಟರ್ ಪ್ಯಾನೆಲ್ ಮಾಡಿಕೊಡುವವರು, ಬೋರ್ಡ್ ಡಿಸೈನ್ ಹೊರಗೆ ಕೊಡುವ ಮುಂಚೆ ಇದನ್ನು ಓದಿ.

ನಮಗೆ ಬೇಕಾಗಿದ್ದು ಸಣ್ಣ ಕಂಟ್ರೋಲ್ ಬೋರ್ಡ್. 5 ವೋಲ್ಟ್‌ನ ನೀಲಿ ರಿಲೇ (ಕರೆಂಟಿನಿಂದ ಆನ್ ಆಫ್ ಆಗುವ ಸಣ್ಣ ಸ್ವಿಚ್) ಒಂದು, ಅದರ ಮೂಲಕ ಕಾಂಟ್ಯಾಕ್ಟರ್ (ಮೋಟರ್ ಆನ್ ಆಫ್ ಮಾಡುವ ದೊಡ್ಡ ಸ್ವಿಚ್) ಕಾಯಿಲ್‌ಗೆ 230 ವೋಲ್ಟ್. ಲೇಔಟ್ ಮಾಡುವ ಒಬ್ಬರಿಗೆ ದುಡ್ಡು ಕೊಟ್ಟು ಕೀಕ್ಯಾಡ್ ಅನ್ನೋ ಬೋರ್ಡ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡಿಸಿದೆವು. ಫೈಲ್ ಜೊತೆ ಡಿಆರ್‌ಸಿ (ಡಿಸೈನ್ ರೂಲ್ ಚೆಕ್, ಅಂದ್ರೆ ಸಾಫ್ಟ್‌ವೇರೇ ಮಾಡುವ ತಪ್ಪಿನ ತಪಾಸಣೆ) ರಿಪೋರ್ಟೂ ಬಂತು, ಎರರ್ ಸೊನ್ನೆ. ಬೋರ್ಡ್ ಬಂತು, ರಿಲೇ ಸಲೀಸಾಗಿ ಕೂತಿತು, ಟೇಬಲ್ ಮೇಲೆ ಟಕ್ ಅಂತ ಸದ್ದೂ ಮಾಡಿತು.

ಮಿಲ್‌ಗೆ ಹಾಕಿದ ಮೇಲೆ ಆಪರೇಟರ್ ಫೋನು: "ಅಣ್ಣಾರ, ಬಟನ್ನೇ ಒತ್ತಿಲ್ರಿ, ಕರೆಂಟ್ ಬಂದ ಕೂಡ್ಲೆ ಎಲಿವೇಟರ್ ತಿರುಗಾಕತ್ತೈತ್ರಿ!" ಕರೆಂಟ್ ಹೋದಾಗ ಈ ಭತ್ತ ಮೇಲೆತ್ತುವ ಎಲಿವೇಟರ್ ಬುಡದಲ್ಲಿ ಕೈ ಹಾಕಿ ಭತ್ತ ತೆಗೆಯೋದು ಎಲ್ಲಾ ಮಿಲ್‌ನಲ್ಲೂ ಇದ್ದದ್ದೇ. ಅವತ್ತು ಯಾರ ಕೈಯೂ ಒಳಗಿರಲಿಲ್ಲ, ಅಷ್ಟೇ.

ಆಗಿದ್ದಿಷ್ಟು. ರಿಲೇ ಫುಟ್‌ಪ್ರಿಂಟ್ (ಪಿನ್ ಕೂರುವ ತೂತುಗಳ ನಕ್ಷೆ) ಅನ್ನು ಡಿಸೈನ್ ಮಾಡಿದವನು ಡೇಟಾಶೀಟ್ ನೋಡಿ ತಾನೇ ಬರೆದಿದ್ದ. ಡೇಟಾಶೀಟ್‌ನಲ್ಲಿರೋದು ರಿಲೇಯನ್ನು ಬುಡದಿಂದ ನೋಡಿದ ಚಿತ್ರ. ಅದನ್ನೇ ಮೇಲಿನಿಂದ ನೋಡಿದಂತೆ ಇಳಿಸಿದ್ದಾನೆ. ಎಡಬಲ ಬೇರೆ ಥರ ಇರುವ ಬಿಡಿಭಾಗ ಆಗಿದ್ದರೆ ಪಿನ್ ಕೂರುತ್ತಲೇ ಇರಲಿಲ್ಲ, ಗೊತ್ತಾಗಿಬಿಡುತ್ತಿತ್ತು. ಈ ರಿಲೇಯ ಐದು ಪಿನ್ ಎಡಬಲ ಒಂದೇ ಥರ ಇವೆ. ಕನ್ನಡಿಯಲ್ಲಿ ತಿರುಗಿಸಿದರೂ ತೂತಿಗೆ ಸರಿಯಾಗಿ ಇಳಿಯುತ್ತದೆ. ಕಾಯಿಲ್‌ನ ಎರಡು ಪಿನ್ ಅದಲುಬದಲಾದರೆ ತೊಂದರೆ ಇಲ್ಲ. ಆದರೆ ಎನ್‌ಓ (ರಿಲೇ ಆನ್ ಆದಾಗ ಮಾತ್ರ ಕೂಡುವ ಪಿನ್) ಜಾಗಕ್ಕೆ ಎನ್‌ಸಿ (ರಿಲೇ ಆಫ್ ಇದ್ದಾಗ ಕೂಡಿರುವ ಪಿನ್) ಬಂದು ಕೂರುತ್ತದೆ. ರಿಲೇ ಆಫ್ ಇದ್ದಾಗಲೇ ಮೋಟರ್ ಆನ್! ಪೇಪರ್ ಮೇಲೆ 1:1 ಪ್ರಿಂಟ್ ತೆಗೆದು ರಿಲೇ ಇಟ್ಟು ನೋಡಿ ಅಂತಾರಲ್ಲ, ಅದರಲ್ಲೂ ಇದು ಸಿಕ್ಕಿಬೀಳಲ್ಲ. ಮೀಟರ್ ಹಿಡಿದು ಒಂದೊಂದೇ ಪಿನ್ ನೋಡಬೇಕು.

ಬೋರ್ಡ್ ಬಿಚ್ಚಿದಾಗ ಇನ್ನೊಂದು ಕಂಡಿತು. ಗ್ರೌಂಡ್ ಕಾಪರ್ ಫಿಲ್ (ಖಾಲಿ ಜಾಗಕ್ಕೆಲ್ಲ ತುಂಬಿಸುವ ತಾಮ್ರ) ಇಡೀ ಬೋರ್ಡ್ ತುಂಬಿದೆ, 230 ವೋಲ್ಟ್ ಪ್ಯಾಡಿಗೂ ಅದಕ್ಕೂ ನಡುವೆ ಬರೀ 0.5 ಮಿ.ಮೀ. ಕೀಕ್ಯಾಡ್ ತಾನಾಗಿ ಕೊಡುವ ಅಳತೆ ಅದು, ಅದನ್ನು ಯಾರೂ ಮುಟ್ಟಿಲ್ಲ. ಆ ಸಂದಿನಲ್ಲಿ ತೌಡಿನ ಧೂಳು ಆಗಲೇ ಮೆತ್ತಿಕೊಂಡಿತ್ತು. ಮಳೆಗಾಲದ ತೇವ ಸೇರಿದರೆ ಅದರ ಮೇಲೇ ಕರೆಂಟ್ ಹರಿದು ಬೋರ್ಡ್ ಕಪ್ಪಾಗುತ್ತದೆ. ಡಿಆರ್‌ಸಿಗೆ ಅದು 230 ವೋಲ್ಟ್ ಅಂತ ಗೊತ್ತಿಲ್ಲ. ನೀವು ಹೇಳಿದ ಅಳತೆಯನ್ನಷ್ಟೇ ಅದು ನೋಡೋದು.

ಈಗ ಮಾಡಿಸುವಾಗ ನಾನು ಮೊದಲೇ ಹೇಳಿಬಿಡುತ್ತೇನೆ. ಮೇನ್ಸ್ (230 ವೋಲ್ಟ್) ವೈರಿಂಗ್‌ಗೆ ಬೇರೆ ನೆಟ್ ಕ್ಲಾಸ್ (ತನ್ನದೇ ಅಳತೆ ಇರುವ ಗುಂಪು) ಇರಲಿ, ಮೇನ್ಸ್‌ಗೂ 5 ವೋಲ್ಟ್ ಕಡೆಗೂ 6ರಿಂದ 8 ಮಿ.ಮೀ ಬಿಡಿ. ರಿಲೇಯ ಕಾಮನ್ ಪಿನ್ ಎರಡು ಕಾಯಿಲ್ ಪಿನ್‌ಗಳ ನಡುವೆ ಸಿಕ್ಕಿಕೊಂಡಿರುತ್ತೆ, ಅಲ್ಲಿ ಅಷ್ಟು ಜಾಗ ಸಿಗಲ್ಲ. ಅದಕ್ಕೆ ಆ ಪಿನ್‌ಗಳ ನಡುವೆ ಬೋರ್ಡಿನಲ್ಲೇ ಸೀಳು ಹಾಕಿಸಿ. ಫುಟ್‌ಪ್ರಿಂಟ್ ಒಳಗೇ ಫಿಲ್ ಬರಬಾರದು ಅನ್ನೋ ರೂಲ್ ಏರಿಯಾ ಹಾಕಿದರೆ ಫಿಲ್ ಆ ಕಡೆ ಹಾಯೋದೇ ಇಲ್ಲ. ಅಳತೆ ಬದಲಿಸಿದ ಮೇಲೆ ಬಿ ಕೀ ಒತ್ತಿ ಫಿಲ್ ಮತ್ತೆ ತುಂಬಿಸಲೇಬೇಕು, ಇಲ್ಲಾಂದ್ರೆ ಹಳೇ ಫಿಲ್ಲೇ ಗರ್ಬರ್ ಫೈಲಿಗೆ (ಬೋರ್ಡ್ ತಯಾರಿಸಲು ಕೊಡುವ ಫೈಲು) ಹೋಗಿಬಿಡಬಹುದು.

ಡಿಸೈನ್ ಮಾಡಿದವನನ್ನು ಕೇಳಿದರೆ "ಸಾಫ್ಟ್‌ವೇರ್ ತಪ್ಪು ತೋರಿಸಲಿಲ್ಲ ಸಾರ್" ಅಂದ. ದುಡ್ಡು ವಾಪಸ್ ಬರಲಿಲ್ಲ. ಅದೇ ಫುಟ್‌ಪ್ರಿಂಟ್ ಬೇರೆಯವರ ಬೋರ್ಡಿಗೂ ಹಾಕಿದ್ದಾನಂತೆ. ಹಾಗಾಗಿ ಸಿಂಧನೂರು, ಮಾನ್ವಿ ಕಡೆ ಇಂಥ ನೀಲಿ ರಿಲೇ ಬೋರ್ಡ್ ಈಚೆಗೆ ಹಾಕಿಸಿದವರು ಮೇನ್ ಸ್ವಿಚ್ ಆಫ್ ಮಾಡಿ, ಬೋರ್ಡಿನ ರಿಲೇ ಟರ್ಮಿನಲ್‌ಗಳಿಗೆ (ಕಾಮನ್ ಮತ್ತು ಎನ್‌ಓ) ಹಾಕಿರುವ ಎರಡೂ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್ ನಡುವೆ ಮೀಟರ್ ಇಟ್ಟು ನೋಡಿ. ಬೀಪ್ ಅಂದರೆ ಆ ಬೋರ್ಡನ್ನು ಇವತ್ತೇ ತೆಗೆಸಿ.