ಹಳೆಯ 911ಕ್ಕೆ ಯಾವ ಆಯಿಲ್ ಕೂಲರ್: ಹಾಕಿ, ಓಡಿಸಿ ನೋಡಿದ ಹೋಲಿಕೆ

ನನ್ನ 1981ರ ಪೋರ್ಷೆ 911 ಎಸ್‌ಸಿ ಕಾರಿಗೆ ಎರಡು ಬೇಸಿಗೆಗಳಲ್ಲಿ ಮೂರು ಬಗೆಯ ಆಯಿಲ್ ಕೂಲರ್‌ಗಳನ್ನು ಹಾಕಿ ಓಡಿಸಿದ್ದೇನೆ. ನಾಲ್ಕನೆಯದನ್ನು ಗೆಳೆಯರೊಬ್ಬರ ಕಾರಿನಲ್ಲಿ ಕಂಡಿದ್ದೇನೆ. ಈಗ ಕಾರಿನಲ್ಲಿರುವುದು ಎಸ್‌ಸಿಯ ನಂತರ ಬಂದ 911 ಮಾದರಿಯಾದ 3.2 ಕರೇರಾದ ಕೊನೆಯ ವರ್ಷಗಳಲ್ಲಿ ಕಂಪನಿಯೇ ಕೊಟ್ಟಿದ್ದ, ವಿದ್ಯುತ್ ಫ್ಯಾನ್ ಇರುವ ಕೂಲರ್. ಇದನ್ನು ಇನ್ನು ಬಿಚ್ಚುವ ಯೋಚನೆ ನನಗಿಲ್ಲ.

ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಗಾಳಿಯಷ್ಟೇ ಮುಖ್ಯವಾಗಿ ಆಯಿಲ್ಲೂ ಅದರ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಟ್ಟು ಸುಮಾರು 13 ಲೀಟರ್ ಆಯಿಲ್‌ನಲ್ಲಿ ಹೆಚ್ಚಿನ ಪಾಲು ಬಲಬದಿಯ ಹಿಂಚಕ್ರದ ಹಿಂದಿರುವ ಟ್ಯಾಂಕಿನಲ್ಲಿರುತ್ತದೆ. ಆ ಚಕ್ರದ ಮುಂದುಗಡೆ ಒಂದು ಥರ್ಮೋಸ್ಟ್ಯಾಟ್ ಇದ್ದು, ಆಯಿಲ್ ಸಾಕಷ್ಟು ಬಿಸಿಯಾದಾಗ ಅದು ತೆರೆದುಕೊಳ್ಳುತ್ತದೆ. ಆಗ ಬಲಬಾಗಿಲಿನ ಕೆಳಗೆ ಹಾದುಹೋಗುವ ಎರಡು ಪೈಪುಗಳ ಮೂಲಕ ಆಯಿಲ್ ಮುಂದಿನ ಮಡ್‌ಗಾರ್ಡ್ ಒಳಗಿನ ಕೂಲರ್‌ಗೆ ಹೋಗಿ ಮರಳುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಬೇಸಿಗೆಯ ಸಂಜೆ 680ನೇ ಹೆದ್ದಾರಿಯಲ್ಲಿ ಸುನೋಲ್ ಏರನ್ನು ಹತ್ತುವ ಹೊತ್ತಿಗೆ ವಾಹನಗಳು ನಿಂತು ನಿಂತು ಸಾಗುತ್ತವೆ. ನನ್ನ ಕಾರು ಕಷ್ಟಪಡುವುದು ವೇಗದಲ್ಲಿ ಅಲ್ಲ, ಈ ಸಾಲಿನಲ್ಲಿ. ಆದ್ದರಿಂದ ನನ್ನ ತೀರ್ಪನ್ನು ಈ ಏರನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಕಾರಿನೊಂದಿಗೆ ಬಂದಿದ್ದು ಹಾವಿನಂತೆ ಮಡಚಿದ ಬರಿಯ ಪೈಪು; ಇಲ್ಲಿನವರು ಅದನ್ನು ಟ್ರಾಂಬೋನ್ ಎನ್ನುತ್ತಾರೆ. ಚಳಿಗಾಲಕ್ಕೆ ಅದು ಸಾಕು, ಬೇಸಿಗೆಗೆ ಸಾಲದು.

ಮೊದಲ ಬೇಸಿಗೆಯಲ್ಲಿ ಅದರ ಜಾಗದಲ್ಲಿ ಹಳೆಯದೊಂದು 28 ಕೊಳವೆಗಳ ಹಿತ್ತಾಳೆ ಕೂಲರನ್ನು ಕೂರಿಸಿದೆ. ಇದಕ್ಕೆ ಫ್ಯಾನ್ ಇಲ್ಲ, ವೈರಿಂಗ್ ಬೇಡ, ಕಲ್ಲು ಬಡಿದರೂ ಸುಲಭಕ್ಕೆ ಹಾಳಾಗದು. ಲಿವರ್ಮೋರ್ ದಾಟಿ ಆಲ್ಟಮಾಂಟ್ ಕಣಿವೆಯ ಗಾಳಿಯಲ್ಲಿ ಓಡಿಸಿದಾಗ ತಾಪಮಾನದ ಮುಳ್ಳು ಅಲುಗಾಡದೆ ನಿಂತಿತು. ಆದರೆ ಸುನೋಲ್ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಮುಳ್ಳು ಹಳೆಯ ಜಾಗಕ್ಕೇ ಏರುತ್ತಿತ್ತು, ಏಕೆಂದರೆ ಮಡ್‌ಗಾರ್ಡ್ ಒಳಗೆ ತಾನಾಗಿ ನುಗ್ಗುವ ಗಾಳಿ ಬಹಳ ಕಡಿಮೆ. ಸದಾ ತೆರೆದ ರಸ್ತೆಯಲ್ಲಿ ಓಡಿಸುವವರಿಗೆ ಇದನ್ನೇ ಹೇಳುತ್ತೇನೆ.

ಗೆಳೆಯರ ಕಾರಿನಲ್ಲಿ ಮುಂದಿನ ಬಂಪರಿನ ನಡುವೆ ಸೆಟ್ರಾಬ್ ಕಂಪನಿಯ ಕೂಲರ್ ಇದೆ. ಗಾಳಿಗೆ ನೇರವಾಗಿ ಮುಖ ಮಾಡಿರುವ ಅದು ಲಗುನಾ ಸೆಕಾ ರೇಸ್ ಟ್ರ್ಯಾಕಿಗೆ ಹೋಗುವ ಅವರಿಗೆ ಸರಿಯಾದ ಆಯ್ಕೆ. ನನಗೆ ಮಾತ್ರ ಬಂಪರಿನ ಕೆಳಭಾಗವನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಒಮ್ಮೆ ಕತ್ತರಿಸಿದ್ದನ್ನು ಮೊದಲಿನಂತೆ ಮಾಡಲಾಗದು.

ಇನ್ನು ನನ್ನ ಬಹುಪಾಲು ಶನಿವಾರಗಳನ್ನು ನುಂಗಿದ ಸಂಗತಿಗೆ ಬರುತ್ತೇನೆ. ಯಾವ ಕೂಲರ್ ಕೊಂಡರೂ ಹಳೆಯ ಪೈಪುಗಳ ನಟ್‌ಗಳನ್ನು ಬಿಚ್ಚಲೇಬೇಕು, ಮತ್ತು ಅವು ಬಿಚ್ಚುವುದಿಲ್ಲ. ಥರ್ಮೋಸ್ಟ್ಯಾಟ್‌ನ ಮೈ ಅಲ್ಯೂಮಿನಿಯಂ, ಅದಕ್ಕೆ ಕೂಡುವ ನಟ್ ಬೇರೆ ಲೋಹ. ಚಕ್ರ ಎರಚುವ ನೀರು, ಕೆಸರುಗಳ ನಡುವೆ ನಾಲ್ಕು ದಶಕ ಕಳೆದ ಮೇಲೆ ಎರಡೂ ಒಂದೇ ಲೋಹದ ತುಂಡಿನಂತೆ ಕಚ್ಚಿಕೊಂಡಿರುತ್ತವೆ. ನನ್ನ ಥರ್ಮೋಸ್ಟ್ಯಾಟ್ ಬಳಿಯೇ ಆಯಿಲ್ ಜಿನುಗುತ್ತಿದ್ದುದರಿಂದ ಆ ಜೋಡಣೆಯನ್ನು ಮುಟ್ಟದೆ ಬಿಡುವಂತೆಯೂ ಇರಲಿಲ್ಲ.

ಒಂದು ವಾರ ಪ್ರತಿ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬಿಸಿ ಕೊಟ್ಟು, 36 ಮಿಲಿಮೀಟರ್ ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಜಗ್ಗಿದೆ. ನಟ್ ತಿರುಗಿತು. ತಿರುಗಿದಾಗ ಆದ ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ: ನಟ್ಟಿನ ಒಳಗೆ ಬೆಳ್ಳಗೆ ಹೊಳೆಯುವ ಸುರುಳಿಯೊಂದು ಸಿಕ್ಕಿಕೊಂಡಿತ್ತು, ಮತ್ತು ಅದು ಥರ್ಮೋಸ್ಟ್ಯಾಟ್‌ನ ಥ್ರೆಡ್, ಅಂದರೆ ನಟ್ ತಿರುಗಿ ಕೂರುವ ತಿರುಪು ಗೆರೆಯೇ ಆಗಿತ್ತು. ಹೊಸ ಥರ್ಮೋಸ್ಟ್ಯಾಟ್‌ಗೆ ನಾನು ತೆತ್ತ ಹಣ ಕೂಲರ್‌ಗೆ ಕೊಟ್ಟಿದ್ದಕ್ಕಿಂತ ಹೆಚ್ಚು.

ಎರಡನೆಯ ನಟ್ಟಿನಲ್ಲಿ, ಅನುಭವಿಗಳು ಮೊದಲೇ ಹೇಳಿದ್ದ ದಾರಿ ಹಿಡಿದೆ. ಪೈಪನ್ನು ಬಲಿಕೊಟ್ಟು ಥರ್ಮೋಸ್ಟ್ಯಾಟ್ ಉಳಿಸಬೇಕು. ಸಣ್ಣ ಕತ್ತರಿಸುವ ಚಕ್ರದಿಂದ ನಟ್ಟಿನ ಎದುರುಬದುರು ಬದಿಗಳಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ, ಥ್ರೆಡ್ ಕಾಣಿಸುವ ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿ, ಸೀಳಿನಲ್ಲಿ ಉಳಿ ಇಟ್ಟು ಮೆಲ್ಲಗೆ ತಿರುಚಿದರೆ ನಟ್ ಕಡಲೆಕಾಯಿ ಸಿಪ್ಪೆಯಂತೆ ಬಾಯಿಬಿಡುತ್ತದೆ. ಮುಂದಿನ ಕೂಲರ್ ಬಳಿಯ ಜೋಡಣೆಗಳನ್ನೂ ಹೀಗೆಯೇ ಬಿಡಿಸಿದೆ. ಹೊಸ ಜೋಡಣೆಗಳಿಗೆಲ್ಲ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿಸೀಜ್ ಪೇಸ್ಟ್ ಹಚ್ಚಿದ್ದರಿಂದ ಮರುವರ್ಷ ಕೂಲರ್ ಬದಲಿಸುವ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಬಿಗಿಸುವಾಗಲೂ ಸಡಿಲಿಸುವಾಗಲೂ ಎರಡು ಸ್ಪ್ಯಾನರ್‌ಗಳು ಬೇಕು. ಒಂದರಿಂದ ಕೂಲರಿನ ಕತ್ತನ್ನು ಹಿಡಿದುಕೊಳ್ಳದಿದ್ದರೆ ಅದೇ ಮುರಿಯುತ್ತದೆ.

ಎಂಜಿನ್ನಿನಲ್ಲೇ ಇದ್ದ ಇನ್ನೊಂದು ಸೋರಿಕೆಯ ವಿಷಯದಲ್ಲೂ ಎರಡು ದಾರಿಗಳಿದ್ದವು. ಹೀಟರ್ ಹಾಕಿದೊಡನೆ ಕಾರಿನೊಳಗೆ ಸುಟ್ಟ ಆಯಿಲ್ ವಾಸನೆ ಬರುತ್ತಿತ್ತು. ವರ್ಕ್‌ಶಾಪ್ ಒಂದರಲ್ಲಿ ವಾಲ್ವ್ ಕವರ್‌ಗಳ ಗ್ಯಾಸ್ಕೆಟ್ ಬದಲಿಸಿ ಹಣ ಪಡೆದರು, ವಾಸನೆ ಹೋಗಲಿಲ್ಲ. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಪ್ರತಿ ಹನಿಯ ಸುತ್ತ ಪೆನ್ನಿನಿಂದ ಗೆರೆ ಎಳೆದು ದಿನಾಂಕ ಬರೆದೆ. ನಾಲ್ಕನೆಯ ದಿನಕ್ಕೆ ಗೆರೆಗಳೆಲ್ಲ ಎಡಬದಿಯ ರಿಟರ್ನ್ ಟ್ಯೂಬುಗಳ ಕೆಳಗೇ ಗುಂಪುಗೂಡಿದ್ದವು. ಆಯಿಲನ್ನು ಕ್ರ್ಯಾಂಕ್‌ಕೇಸಿಗೆ ಮರಳಿಸುವ ಈ ಟ್ಯೂಬುಗಳು ಬದಿಗೆ ಎರಡರಂತೆ ನಾಲ್ಕಿವೆ. ಅವುಗಳ ರಬ್ಬರ್ ಉಂಗುರಗಳು ಬಿಸಿಗೆ ಗಟ್ಟಿಯಾಗಿ ಸೋರುತ್ತವೆ, ಸೋರಿದ್ದು ಎಕ್ಸಾಸ್ಟ್ ಬಿಸಿಯಿಂದ ಹೀಟರಿನ ಗಾಳಿಯನ್ನು ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಮೇಲೆ ಬಿದ್ದು ಸುಡುತ್ತದೆ.

ಮೂಲದ ಒಂದೇ ತುಂಡಿನ ಟ್ಯೂಬ್ ಹಾಕಬೇಕಾದರೆ ಎಂಜಿನ್ ಬಿಚ್ಚಬೇಕು. ಎಂಜಿನ್ ಹೇಗೂ ಬಿಚ್ಚಿದ್ದರೆ ಅದನ್ನೇ ಹಾಕಿಸಿ. ನಾನು ಆರಿಸಿದ್ದು ಒಂದರೊಳಗೊಂದು ಜಾರುವ ಎರಡು ತುಂಡಿನ ಟ್ಯೂಬ್. ಹಳೆಯದನ್ನು ದೊಡ್ಡ ಇಕ್ಕಳದಿಂದ ಹಿಸುಕಿ ಎಳೆದು ತೆಗೆದು, ಹೊಸದನ್ನು ಅಲ್ಲೇ ಕೂರಿಸಿ ಚಾಚಬಹುದು. ನಡುವಿನಲ್ಲಿ ಇನ್ನೊಂದು ಜೋಡಣೆ ಸೇರುವುದರಿಂದ ಸೋರಲು ಇನ್ನೊಂದು ಜಾಗವಾಯಿತು ಎಂಬ ಆಕ್ಷೇಪ ಸರಿಯೇ. ಆದರೂ ನಾಲ್ಕು ಟ್ಯೂಬುಗಳು ಮತ್ತು ಬಿಸಿ ತಾಳುವ ವೈಟಾನ್ ರಬ್ಬರಿನ ಉಂಗುರಗಳಿಗೆ ಆದ ಖರ್ಚು, ಎಂಜಿನ್ ಇಳಿಸಲು ಕೇಳಿದ ಕೂಲಿಯ ಹತ್ತಿರಕ್ಕೂ ಬರಲಿಲ್ಲ. ಒಂದೂವರೆ ವರ್ಷವಾಯಿತು, ರಟ್ಟು ಒಣಗಿಯೇ ಇದೆ. ಆಯಿಲ್ ತಣ್ಣಗಿದ್ದರೆ ಈ ಉಂಗುರಗಳೂ ಹೆಚ್ಚು ಕಾಲ ಬಾಳುತ್ತವೆ. ಅದಕ್ಕಾಗಿಯೇ ಎರಡೂ ಕೆಲಸಗಳನ್ನು ಜೊತೆಯಲ್ಲಿ ಮಾಡಿಸಿದರೆ ಒಳ್ಳೆಯದು.

ಕರೇರಾ ಕೂಲರಿನ ಮೇಲೆ ನನಗಿರುವ ದೂರು ಒಂದೇ, ಅದರ ಫ್ಯಾನ್ ಸ್ವಿಚ್ ತಡವಾಗಿ ಎಚ್ಚರಗೊಳ್ಳುತ್ತದೆ. ನಾನು ರಿಲೇ ಜೊತೆಗೆ ಡ್ಯಾಶ್‌ಬೋರ್ಡ್ ಕೆಳಗೆ ಕೈಸ್ವಿಚ್ ಹಾಕಿಕೊಂಡು, ಏರು ಶುರುವಾಗುವ ಮೊದಲೇ ಫ್ಯಾನ್ ಚಾಲೂ ಮಾಡುತ್ತೇನೆ. ಸಾಲಿನಲ್ಲಿ ನಿಂತಾಗಲೂ ಮುಳ್ಳು ಈಗ ಮೇಲೇರುವುದಿಲ್ಲ. ಬಳಸಿದ ಕೂಲರಿಗೆ ನಾನು ಕೊಟ್ಟದ್ದು 450 ಡಾಲರ್. ಗೆಳೆಯರ ಬಂಪರ್ ಕೂಲರಿಗೆ ಹೆಣೆದ ಉಕ್ಕಿನ ಹೋಸ್‌ಗಳೂ ಸೇರಿ ಅದರ ಮೂರು ಪಟ್ಟು ತಗುಲಿತ್ತು.

ಯಾವುದನ್ನೇ ಹಾಕಿದರೂ ಮೊದಲ ದಿನ ಆಯಿಲನ್ನು ಗೆರೆಯವರೆಗೆ ತುಂಬಿಬಿಡಬೇಡಿ, ಹಾಗೆಂದು ಮರೆಯಲೂ ಬೇಡಿ. ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಹೊಸ ಕೂಲರ್ ಖಾಲಿಯಾಗಿಯೇ ಇರುತ್ತದೆ. ತೆರೆದೊಡನೆ ಟ್ಯಾಂಕಿನ ಮಟ್ಟ ಕುಸಿಯುತ್ತದೆ. ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇರುವಾಗಲೇ ಡಿಪ್‌ಸ್ಟಿಕ್ ತೆಗೆದು ನೋಡಿ, ಆಮೇಲೆ ಅರ್ಧರ್ಧ ಲೀಟರಿನಂತೆ ಸೇರಿಸಿ.