180 ರೂಪಾಯಿ ಗೈಡು, ರಾಜ್ಯಪಾಲರ ಪಾಠದಲ್ಲಿ ಎಡವಟ್ಟು

ತಮ್ಮನ ಪಿಡಿಒ ಪರೀಕ್ಷೆಗೆ ಅಂತ ಅವೆನ್ಯೂ ರೋಡಲ್ಲಿ ಸಂವಿಧಾನದ ಗೈಡು ತಂದೆ. 220 ಹೇಳಿದರು, ಚೌಕಾಸಿ ಮಾಡಿ 180ಕ್ಕೆ ಇಳಿಸಿದೆ. ಪೇಪರ್ ಎಷ್ಟು ತೆಳು ಅಂದರೆ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ.

ರಾಜ್ಯಪಾಲರ ಪಾಠ ಕೂತು ಓದಿದೆ. 157ನೇ ವಿಧಿ ಕೇಳುವುದು ಎರಡೇ: ಭಾರತದ ಪ್ರಜೆ ಆಗಿರಬೇಕು, 35 ವರ್ಷ ತುಂಬಿರಬೇಕು. ಇವರು ಸುಮ್ನೆ ಮೂರನೆಯದೊಂದು ಸೇರಿಸಿದ್ದಾರೆ, ಬೇರೆ ರಾಜ್ಯದವರೇ ಆಗಿರಬೇಕಂತೆ. ಅದು ನಡೆದುಬಂದ ಪದ್ಧತಿ, ಕಾನೂನಲ್ಲ ಸ್ವಾಮಿ! ಪರೀಕ್ಷೆಯಲ್ಲಿ ಇಂಥದ್ದೇ ಕೇಳಿ ಮಾರ್ಕ್ಸ್ ಕೀಳುತ್ತಾರೆ, ಅಲ್ವಾ?

ಅವಧಿ ಬಗ್ಗೆ ‘5 ವರ್ಷ’ ಅಂತ ಒಂದೇ ಸಾಲು. 156ನೇ ವಿಧಿಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ರಾಷ್ಟ್ರಪತಿ ಇಷ್ಟಪಡುವ ತನಕ ಮಾತ್ರ ಆ ಹುದ್ದೆ, ಅದರ ಜೊತೆಗೆ ಐದು ವರ್ಷ ಮುಗಿದರೂ ಹೊಸಬರು ಅಧಿಕಾರ ವಹಿಸಿಕೊಳ್ಳುವವರೆಗೆ ಹಳಬರೇ ಮುಂದುವರಿಯುತ್ತಾರೆ. ನಮ್ಮಲ್ಲೇ ನೋಡಿ, ವಜುಭಾಯಿ ವಾಲಾ 2014ರ ಸೆಪ್ಟೆಂಬರಲ್ಲಿ ಬಂದವರು 2021ರ ಜುಲೈವರೆಗೆ ಇದ್ದರು, ಹತ್ತಿರ ಹತ್ತಿರ ಏಳು ವರ್ಷ. ಮನಸ್ಸಿಗೆ ಬಂದ ಹಾಗೆ ರಾಜ್ಯಪಾಲರನ್ನು ತೆಗೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದರ ಸುದ್ದಿಯೇ ಇಲ್ಲ.

158ನೇ ವಿಧಿ ಮಾತ್ರ ಚೆನ್ನಾಗಿ ಬರೆದಿದ್ದಾರೆ. ಶಾಸಕರೋ ಸಂಸದರೋ ರಾಜ್ಯಪಾಲರಾದರೆ ಅಧಿಕಾರ ವಹಿಸಿಕೊಂಡ ದಿನವೇ ಆ ಸೀಟು ಖಾಲಿ.

ಐದಕ್ಕೆ ಎರಡೂವರೆ ಸ್ಟಾರ್. ತಮ್ಮ ಕೆಂಪು ಪೆನ್ನಲ್ಲಿ ತಿದ್ದಿಕೊಂಡು ಓದುತ್ತಿದ್ದಾನೆ.